ಮಗಳ ಸಕ್ಕರೆ ಕಾಯುವ ಪ್ರೋಗ್ರಾಮ್

ಇನ್ನೊಬ್ಬರು ಬರೆದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಆಫೀಸಿನಲ್ಲಿ ಇದಕ್ಕೆ ಟೆಸ್ಟಿಂಗ್ ಎನ್ನುತ್ತಾರೆ, ಮನೆಯಲ್ಲಿ ಕೊಂಕು ತೆಗೆಯುವುದು ಎನ್ನುತ್ತಾರೆ. ನನ್ನ ಗಂಡನದು ಕಟ್ಟುವ ಕೆಲಸ. ಅಟ್ಲಾಂಟಾದ ಒಂದು ವಿಶ್ವವಿದ್ಯಾಲಯದಲ್ಲಿ ಅವರು ಕಂಟ್ರೋಲ್ ಸಿಸ್ಟಮ್ಸ್ ಸಂಶೋಧಕರು. ಕಾರ್ಖಾನೆಯ ದೊಡ್ಡ ಪಾತ್ರೆಯೊಳಗಿನ ಬಿಸಿ ಏರದಂತೆ, ಇಳಿಯದಂತೆ ಅಳೆಯುತ್ತ, ತಿದ್ದುತ್ತ, ನಿನ್ನೆ ಆದದ್ದರಿಂದ ನಾಳೆ ಆಗುವುದನ್ನು ಊಹಿಸುತ್ತ ಹೋಗುವ ಪ್ರೋಗ್ರಾಮ್ ಬರೆಯುತ್ತಾರೆ. ಮದುವೆಯಾದ ಹೊಸತರಲ್ಲಿ ಧಾರವಾಡದಲ್ಲಿ ನಮ್ಮತ್ತೆ ನನಗೆ ಹೇಳಿದ್ದರು: "ಅಂವಾ ಹಾಲು ಉಕ್ಕದ್ಹಂಗ ನೋಡಕೊಳ್ಳೂ ಕೆಲಸಾ ಮಾಡ್ತಾನವಾ." ಅದಕ್ಕಿಂತ ಹೆಚ್ಚು ವಿವರ ನನಗೂ ಬೇಕಿರಲಿಲ್ಲ.

ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದ 2020ರ ಬೇಸಿಗೆಯಲ್ಲಿ ನಮ್ಮ ಏಳು ವರ್ಷದ ಮಗಳಿಗೆ ವಿಪರೀತ ಬಾಯಾರಿಕೆ ಶುರುವಾಯಿತು. ನೋಡನೋಡುತ್ತ ಕೆನ್ನೆಗಳು ಒಳಗೆ ಹೋದವು. ಆಸ್ಪತ್ರೆಯಲ್ಲಿ ಒಬ್ಬರನ್ನೇ ಒಳಗೆ ಬಿಡುತ್ತಿದ್ದ ಕಾಲ ಅದು. ನಾನು ಮಗಳ ಜೊತೆ ಒಳಗಿದ್ದೆ, ಅವರು ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತಿದ್ದರು. ಟೈಪ್ ಒನ್ ಡಯಾಬಿಟಿಸ್, ಜೀವನಪೂರ್ತಿ ಇನ್ಸುಲಿನ್ ಬೇಕು ಎಂದರು. ಕಡಿಮೆ ಕೊಟ್ಟರೆ ಸಕ್ಕರೆ ಏರಿ ಮೈ ಹಾಳಾಗುತ್ತದೆ. ಹೆಚ್ಚು ಕೊಟ್ಟರೆ ಸಕ್ಕರೆ ಇಳಿದು ಎಚ್ಚರ ತಪ್ಪುತ್ತದೆ, ತಡವಾದರೆ ಜೀವವೇ ಹೋಗಬಹುದು. ಇಷ್ಟನ್ನು ತಲೆಯಲ್ಲಿ ತುಂಬಿಕೊಂಡು ನಾನು ಹೊರಗೆ ಬಂದಾಗ ಅವರು ಲ್ಯಾಪ್‌ಟಾಪ್ ಮುಚ್ಚಿ ಹೇಳಿದರು: "ನೋಡು, ಇದು ಬರೇ ಒಂದು ಕಂಟ್ರೋಲ್ ಪ್ರಾಬ್ಲಮ್ ಅದ."

"ಆಕಿ ನಿಮ್ಮ ಪ್ರಾಬ್ಲಮ್ ಅಲ್ರೀ, ಮಗಳು," ಎಂದೆ. ಅವರಿಗೆ ನೋವಾಯಿತು. ಆಗಲಿ ಎಂದೇ ಅಂದಿದ್ದೆ.

ಮೊದಲ ಎರಡು ವರ್ಷ ನಾವಿಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ಮಗಳ ತೋಳಿನ ಮೇಲೆ ಸಕ್ಕರೆ ಅಳೆಯುವ ಸೆನ್ಸರ್ ಇತ್ತು, ಸೊಂಟದಲ್ಲಿ ಇನ್ಸುಲಿನ್ ಬಿಡುವ ಪಂಪ್ ಇತ್ತು. ಅವಕ್ಕಿಂತ ಹೆಚ್ಚಾಗಿ ಅವಳೇ ಇದ್ದಳು. ಸಕ್ಕರೆ ಇಳಿಯತೊಡಗಿದರೆ ಆಟ ಬಿಟ್ಟು ಅಡುಗೆಮನೆಗೆ ಬಂದು, "ಅಮ್ಮಾ, ಕಾಲಾಗ ಆಂಟ್ಸ್ ಬಂದ್ವು," ಎನ್ನುತ್ತಿದ್ದಳು. ಸೆನ್ಸರ್ ಹೇಳುವುದಕ್ಕೆ ಮೊದಲೇ ಅವಳ ಇರುವೆಗಳು ಹೇಳುತ್ತಿದ್ದವು. ನಾನು ಜ್ಯೂಸ್ ಕುಡಿಸಿ, ಕಾಲು ತಿಕ್ಕಿ, "ಹೋದ್ವಾ?" ಎಂದು ಕೇಳುತ್ತಿದ್ದೆ. "ಒಂದ ಉಳದದ," ಎಂದು ನಗುತ್ತಿದ್ದಳು.

ಈ ನಡುವೆ ನನ್ನ ಗಂಡ ಸೆನ್ಸರಿಗೂ ಪಂಪಿಗೂ ಮಧ್ಯೆ ತಮ್ಮದೊಂದು ಪ್ರೋಗ್ರಾಮ್ ತಂದಿಟ್ಟರು. ಅದು ಮಗಳ ಫೋನಿನಲ್ಲಿ ಕೂತು ಸೆನ್ಸರ್ ಹೇಳಿದ್ದನ್ನು ಓದಿ, ಎಷ್ಟು ಇನ್ಸುಲಿನ್ ಬೇಕೆಂದು ತಾನೇ ನಿರ್ಧರಿಸಿ ಪಂಪಿಗೆ ಹೇಳುತ್ತಿತ್ತು. ಮೊದಮೊದಲು ಅದರ ಕೈ ಕಟ್ಟಿ ಹಾಕಿದ್ದರು. ಇಷ್ಟಕ್ಕಿಂತ ಹೆಚ್ಚು ಕೊಡಬಾರದು, ಅನುಮಾನ ಬಂದರೆ ನಮ್ಮನ್ನು ಕೇಳಬೇಕು ಎಂದು ಮಿತಿ ಹಾಕಿದ್ದರು. ನಾನೂ ಸುಮ್ಮನಿರಲಿಲ್ಲ. ಸೆನ್ಸರ್ ಕಿತ್ತುಬಂದರೆ? ಫೋನ್ ನೀರಿಗೆ ಬಿದ್ದರೆ? ಊಟಕ್ಕೆ ಕೂತವಳು ಉಣ್ಣದೆ ಎದ್ದರೆ? ಎಂದು ತಲೆ ತಿಂದೆ. ಎಲ್ಲಕ್ಕೂ ಅವರ ಹತ್ತಿರ ಉತ್ತರವಿತ್ತು. ಫೋನಿನಲ್ಲಿ ಸಕ್ಕರೆಯ ಏರಿಳಿತ ತೋರಿಸುವ ಒಂದು ಗೆರೆ ಕಾಣುತ್ತಿತ್ತು. ಎಲ್ಲ ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ತಿಂಗಳುಗಟ್ಟಲೆ ಹಸಿರೇ ಇತ್ತು. ಡಾಕ್ಟರ್ ಗ್ರಾಫ್ ನೋಡಿ ನಮ್ಮನ್ನು ಹೊಗಳಿದಾಗ ನನ್ನ ಬಾಯಿ ತಾನಾಗಿ ಮುಚ್ಚಿತು.

ಅವರಿಗೆ ಒಂದೇ ಒಂದು ತಲೆನೋವು ಉಳಿದಿತ್ತು. ಮಗಳು ಸೆನ್ಸರ್ ಇರುವ ತೋಳಿನ ಮೇಲೆ ಒರಗಿ ಮಲಗಿದರೆ ಒತ್ತಡಕ್ಕೆ ಸೆನ್ಸರ್ ತಪ್ಪು ಅಳೆಯುತ್ತಿತ್ತು. ಸಕ್ಕರೆ ಇಳಿಯದಿದ್ದರೂ ಇಳಿದಿದೆ ಎಂದು ಅರಚಿಕೊಳ್ಳುತ್ತಿತ್ತು. ನಾವು ಎದ್ದುಬಿದ್ದು ಓಡಿಹೋಗಿ ಬೆರಳು ಚುಚ್ಚಿ ನೋಡಿದರೆ ಏನೂ ಆಗಿರುತ್ತಿರಲಿಲ್ಲ. ಅರೆನಿದ್ದೆಯ ಮಗು ಅಳುತ್ತಿತ್ತು. ಕೊನೆಗೆ ಅವರು ಪ್ರೋಗ್ರಾಮಿಗೆ ಅದನ್ನೂ ಕಲಿಸಿದರು. ಅವಳು ಅಲುಗಾಡದೆ ಮಲಗಿದ್ದು, ಗೆರೆ ಒಮ್ಮೆಲೇ ಕೆಳಗೆ ಬಂದರೆ ಅದು ಸುಳ್ಳು ಇಳಿತ, ಲಕ್ಷ್ಯ ಕೊಡಬೇಡ. ಅಂದಿನಿಂದ ಮನೆ ತಣ್ಣಗಾಯಿತು. ನನಗೆ ಮಾತ್ರ ಆ ಸದ್ದಿಲ್ಲದ ಮನೆಯಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. "ಅದು ಒದರಿದ್ರೂ ಬೈತಿ, ಸುಮ್ಮ ಕೂತ್ರೂ ಬೈತಿ," ಎಂದು ಅವರು ಕಾಡಿಸಿದರು.

ಆಮೇಲೆ ಅದು ನಮ್ಮನ್ನು ಕಲಿಯತೊಡಗಿತು. ನಮ್ಮ ಮನೆಗೆ ಹತ್ತಿರದ ಸುವಾನಿ ಎಂಬ ಊರಿನಲ್ಲಿ ಶನಿವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕ್ಲಾಸ್ ನಡೆಯುತ್ತದೆ. ಕ್ಲಾಸ್ ಮುಗಿದ ಕೂಡಲೇ ಅಲ್ಲೇ ಊಟ. ಒಂದೊಂದು ಮನೆಯವರು ಒಂದೊಂದು ಮಾಡಿಕೊಂಡು ಬರುತ್ತಾರೆ. ಶಿರಾನೋ ಹೋಳಿಗೆಯೋ ತಪ್ಪಿದ್ದಿಲ್ಲ. ಒಂದು ಶನಿವಾರ ಮಗಳು ಶಿರಾ ತಿಂದಾಗ ಸಕ್ಕರೆ ಏರಲೇ ಇಲ್ಲ. ಫೋನ್ ನೋಡಿದರೆ, ಪ್ರೋಗ್ರಾಮ್ ಬಹಳ ಹೊತ್ತಿನ ಮೊದಲೇ ಸದ್ದಿಲ್ಲದೆ ಇನ್ಸುಲಿನ್ ಕೊಡಲು ಶುರುಮಾಡಿತ್ತು. ಅಂದು ಊಟವಿದೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ನಾನು ಫೋನನ್ನು ಗಂಡನ ಮುಂದೆ ಹಿಡಿದೆ. ಅವರ ಮುಖ ಅರಳಿತ್ತು. "ಶನಿವಾರ ಅಂದ್ರ ಏನು ಅಂತ ತಾನ ತಿಳ್ಕೊಂಡದ, ನೋಡು! ಇನ್ನ ಆಕಿ ಉಣ್ಣೂ ಮುಂದ ಯಾರಿಗೂ ಏನೂ ಹೇಳಬೇಕಾಗೂದಿಲ್ಲ."

"ಉಣಲಿಲ್ಲ ಅಂದ್ರ?"

"ಉಣದ ಎಲ್ಲಿ ಹೋಗ್ತಾಳ?" ಎಂದು ನಕ್ಕರು. ಅದರ ಕಟ್ಟನ್ನು ಆ ವಾರ ಇನ್ನಷ್ಟು ಸಡಿಲ ಮಾಡಿದರು.

ಮಗಳಿಗೆ ಹತ್ತು ತುಂಬಿತು. ಕಾಲಿನ ಇರುವೆಗಳ ಮಾತು ಯಾವಾಗ ನಿಂತಿತೋ ನನಗೆ ಗೊತ್ತಾಗಲೇ ಇಲ್ಲ. ದೊಡ್ಡವಳಾದಳು, ಮಕ್ಕಳಾಟದ ಮಾತು ಬಿಟ್ಟಳು ಎಂದುಕೊಂಡೆ.

ಕಾರಿನಲ್ಲಿ ನಾಲ್ಕು ಗಂಟೆ ದೂರದ ಶಾರ್ಲಟ್ ನಗರದಲ್ಲಿ ಒಂದು ಸಮ್ಮೇಳನವಿತ್ತು. ನನ್ನ ಗಂಡ ಅಲ್ಲಿ ಮಾತಾಡುವವರಿದ್ದರು. ಮಾತು ಕಾರ್ಖಾನೆಯ ಪಾತ್ರೆಗಳ ಬಗ್ಗೆಯೇ, ಆದರೆ ಸಂಜೆ ಇದೇ ಕಾಯಿಲೆಯ ಮಕ್ಕಳಿರುವ ಕೆಲವು ತಂದೆತಾಯಿ ಬಂದು ನಮ್ಮ ಮಗಳನ್ನೂ ಅವಳ ಫೋನನ್ನೂ ನೋಡುವುದೆಂದು ಮಾತಾಗಿತ್ತು. ನನಗದು ಒಂಚೂರೂ ಸರಿಬರಲಿಲ್ಲ. "ಹೆಣ್ಣು ತೋರಿಸಲಿಕ್ಕೆ ಕರ್ಕೊಂಡು ಹೊಂಟೀವೇನ್ರಿ?" ಎಂದೆ. "ನಮ್ಮಂಗ ನಿದ್ದಿಗೆಟ್ಟವರು ಅವ್ರೂನು. ಒಂದೀಟು ಧೈರ್ಯಾ ಬರಲಿ ಪಾಪ," ಎಂದರು. ನಾನು ಮೂವರ ಬಟ್ಟೆ ಚೀಲಕ್ಕೆ ತುಂಬಿದೆ.

ಹೊರಟದ್ದು ಶನಿವಾರ. ಕನ್ನಡ ಕ್ಲಾಸ್ ತಪ್ಪಿತೆಂದು ಮಗಳಿಗೆ ಖುಷಿ. ಅವಲಕ್ಕಿ ತಿಂದು ಕಾರು ಹತ್ತಿದೆವು. ಊಟಕ್ಕೆ ದಾರಿಯಲ್ಲಿನ ಸ್ಪಾರ್ಟನ್‌ಬರ್ಗ್ ಊರು ದಾಟಿ ನಿಲ್ಲುವುದೆಂದು ಲೆಕ್ಕ. ದಾಟಿದ ಸ್ವಲ್ಪ ಹೊತ್ತಿಗೇ ಹೈವೇಯಲ್ಲಿ ಎಲ್ಲ ಕಾರೂ ನಿಂತವು. ಮುಂದೆಲ್ಲೋ ಅಪಘಾತ. ಹಿಂದೆ ಮುಂದೆ ಲಾರಿಗಳು, ಪಕ್ಕದಲ್ಲಿ ಪೈನ್ ಮರಗಳು, ಇಳಿಯಲು ದಾರಿಯಿಲ್ಲ. ಮಗಳು ಹಿಂದಿನ ಸೀಟಿನಲ್ಲಿ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿದ್ದಳು. ಅವಳ ಫೋನ್ ಮುಂದೆ, ಸ್ಟಿಯರಿಂಗ್ ಪಕ್ಕದ ಹೋಲ್ಡರ್‌ನಲ್ಲಿತ್ತು. ಗೆರೆ ಹಸಿರಾಗಿತ್ತು.

ಆ ಹಸಿರು ಗೆರೆ ಕೆಳಮುಖವಾಗಿದೆ ಎಂದು ಮೊದಲು ಕಂಡದ್ದು ನನಗೆ.

"ರೀ, ಇಳೀಲಿಕ್ಕತ್ತದಲ್ರಿ."

ಅವರು ಕನ್ನಡಿಯಲ್ಲಿ ಮಗಳನ್ನು ನೋಡಿದರು. "ತೋಳಿನ ಮ್ಯಾಲೆ ಮಲಗ್ಯಾಳ. ಸುಳ್ಳು ತೋರಸ್ತದ ಅದು. ತಾನ ಸರಿ ಆಗ್ತದ."

ಅವರು ಹೇಳಿದ್ದು ತರ್ಕಕ್ಕೆ ಸರಿಯಾಗಿತ್ತು. ನೂರು ಸಲ ಹಾಗೇ ಆಗಿತ್ತು. ನಾನು ಮುಂದೆ ತಿರುಗಿ ಕೂತೆ, ರಸ್ತೆ ನೋಡಿದೆ. ಮತ್ತೆ ಹಿಂದೆ ನೋಡಿದಾಗ ಮಗಳ ಹಣೆಯ ಮೇಲೆ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಕಾರಿನಲ್ಲಿ ಏಸಿ ಹಾಕಿತ್ತು, ನಾನೇ ಸೆರಗು ಹೊದ್ದು ಕೂತಿದ್ದೆ.

ಹೆಸರು ಹಿಡಿದು ಕೂಗಿದೆ. ಏಳಲಿಲ್ಲ. ಬೆಲ್ಟ್ ಬಿಚ್ಚಿ, ಎರಡು ಸೀಟಿನ ನಡುವೆ ತೂರಿಕೊಂಡು ಹಿಂದೆ ಹೋಗಿ ಮುಖ ಎತ್ತಿದರೆ ತಲೆ ನನ್ನ ಕೈಯಲ್ಲಿ ಸೋತು ಬಿತ್ತು. ಬೆರಳು ಚುಚ್ಚಿದೆ. ಚುಚ್ಚಿದ್ದಕ್ಕೆ ಅವಳು ಬೆರಳು ಎಳೆದುಕೊಳ್ಳಲಿಲ್ಲ. ಮೀಟರಿನಲ್ಲಿ ಮೂವತ್ತೊಂದು ಬಂತು. ಎಂಬತ್ತರ ಕೆಳಗೆ ಬಂದರೇ ನಾವು ಜ್ಯೂಸ್ ಹುಡುಕುವವರು.

"ಖರೇನ ಇಳದದ!" ಎಂದು ನಾನು ಕಿರುಚಿದ್ದು ಪಕ್ಕದ ಲಾರಿಯವನಿಗೂ ಕೇಳಿಸಿತು. ಎಚ್ಚರವಿಲ್ಲದವರ ಬಾಯಿಗೆ ಏನೂ ಹಾಕುವಂತಿಲ್ಲ. ಅದಕ್ಕೆಂದೇ ಸಕ್ಕರೆ ಏರಿಸುವ, ಮೂಗಿನೊಳಗೆ ಬಿಡುವ ಔಷಧಿಯೊಂದನ್ನು ಯಾವಾಗಲೂ ಚೀಲದಲ್ಲಿಟ್ಟಿರುತ್ತೇವೆ. ಅದುವರೆಗೆ ಎಂದೂ ಬಳಸಿರಲಿಲ್ಲ. ಮೂಗಿಗೆ ಅದನ್ನು ಒತ್ತಿದೆ, ಪಂಪಿನ ನಳಿಕೆ ಕಿತ್ತೆಸೆದೆ, ಅವಳನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿದೆ. ನನ್ನ ಗಂಡ ಕಾರಿನಿಂದ ಇಳಿದು, ನಿಂತ ಗಾಡಿಗಳ ಮಧ್ಯೆ ಅಪಘಾತವಾದ ಕಡೆಗೆ ಓಡಿದರು, ಅಲ್ಲಿಗೆ ಆಂಬುಲೆನ್ಸ್ ಬಂದಿತ್ತು. ನಾನೊಬ್ಬಳೇ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಹೋಲ್ಡರ್‌ನಲ್ಲಿದ್ದ ಫೋನ್ ಕಣ್ಣಿಗೆ ಬಿತ್ತು. ಗೆರೆ ಇನ್ನೂ ಹಸಿರಾಗಿಯೇ ಇತ್ತು. ಕೈಗೆಟುಕಿದ್ದರೆ ರಸ್ತೆಗೆ ಬಿಸಾಕುತ್ತಿದ್ದೆ.

ಆಂಬುಲೆನ್ಸಿನವರು ಬರುವ ಹೊತ್ತಿಗೆ ಮಗಳ ರೆಪ್ಪೆ ಅಲುಗಿತು. ವಾಂತಿ ಮಾಡಿಕೊಂಡಳು. ಆ ವಾಂತಿಯ ಮೇಲೇ ಕೂತು ನಾನು ಅತ್ತೆ.

ಹತ್ತಿರದ ಊರಿನ ಆಸ್ಪತ್ರೆಯಲ್ಲಿ ಸಂಜೆ ವಯಸ್ಸಾದ ಡಾಕ್ಟರಮ್ಮ ಒಬ್ಬರು ಬಂದು ಮಗಳನ್ನು ಮಾತಾಡಿಸಿದರು. ನಿದ್ದೆ ಹತ್ತುವ ಮೊದಲು ಮೈಯಲ್ಲಿ ಏನಾದರೂ ಅನಿಸಿತೇ, ನಡುಕ, ಹಸಿವು, ಎಂದು ಕೇಳಿದರು. ಮಗಳು ಯೋಚಿಸಿ ಹೇಳಿದಳು: "ಐ ಡೋಂಟ್ ನೋ. ಫೋನ್ ಡಿಡಂಟ್ ಸೇ ಎನಿಥಿಂಗ್."

ಡಾಕ್ಟರ್ ನನ್ನ ಕಡೆ ನೋಡಿದರು. ಮೈ ಕೊಡುವ ಸೂಚನೆಯನ್ನು ಯಾರೂ ಕೇಳದೆ ಹೋದರೆ ಮಕ್ಕಳು ಅದನ್ನು ಗುರುತಿಸುವುದನ್ನೇ ಮರೆಯುವುದುಂಟು, ಮತ್ತೆ ಬರಬಹುದು, ಬಾರದೆಯೂ ಇರಬಹುದು ಎಂದರು. ಇರುವೆಗಳ ಮಾತು ನಿಂತದ್ದು ಯಾಕೆಂದು ನನಗೆ ಆಗ ತಿಳಿಯಿತು.

ಕಾರಿಡಾರಿನಲ್ಲಿ ನನ್ನ ಗಂಡ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಸಿಟ್ಟಿನಿಂದ ಹೋದವಳು ಅವರ ಮುಖ ನೋಡಿ ಪಕ್ಕದಲ್ಲಿ ಕೂತೆ. ಶನಿವಾರ ಮಧ್ಯಾಹ್ನವೆಂದು ಪ್ರೋಗ್ರಾಮ್ ಉಣ್ಣದ ಶಿರಾಕ್ಕೆ ಇನ್ಸುಲಿನ್ ಕೊಟ್ಟಿತ್ತು. ಸಕ್ಕರೆ ಇಳಿದಾಗ, ಮಲಗಿದ್ದಾಳೆ, ಇದು ಸುಳ್ಳು ಇಳಿತ, ಶಿರಾದ ಸಕ್ಕರೆ ಇನ್ನೇನು ಏರುತ್ತದೆ ಎಂದು ಇನ್ನಷ್ಟು ಕೊಟ್ಟಿತ್ತು. "ಒಂದೂ ತಪ್ಪು ಮಾಡಿಲ್ಲ ಅದು," ಎಂದರು. "ನಾ ಹ್ಯಾಂಗ ಕಲಿಸೇನಿ, ಹಂಗ ಮಾಡೇದ." ಶಾರ್ಲಟ್‌ನ ತಂದೆತಾಯಿಗಳ ಮೆಸೇಜುಗಳು ಬರುತ್ತಲೇ ಇದ್ದವು. ನೀವು ಎಲ್ಲಿದ್ದೀರಿ, ನಮಗೂ ಅದು ಯಾವಾಗ ಸಿಗುತ್ತದೆ ಎಂದು.

"ಬಂದ್ ಮಾಡ್ರಿ ಅದನ್ನ," ಎಂದೆ. ಅಲ್ಲೇ ಬಂದ್ ಮಾಡಿದರು.

ಮನೆಗೆ ಬಂದ ಮೇಲೆ ಎಲ್ಲ ಮೊದಲಿನ ಹಾಗೆ ಕೈಯಿಂದಲೇ. ತೂಗಿ ಬಡಿಸುವುದು, ಪಂಪಿಗೆ ಲೆಕ್ಕ ಹಾಕಿ ಹೇಳುವುದು, ಸೆನ್ಸರ್ ನೋಡುವುದು, ಅನುಮಾನ ಬಂದರೆ ಬೆರಳು ಚುಚ್ಚುವುದು. ನನಗೆ ಗೆದ್ದ ಹಾಗಿತ್ತು. ಅದು ಹೆಚ್ಚು ದಿನ ಉಳಿಯಲಿಲ್ಲ. ಮಗಳು ಮೆಟ್ಟಿಲು ಇಳಿಯುವಾಗ ನಡುವೆ ನಿಂತು, "ಅಮ್ಮಾ, ಆಮ್ ಐ ಓಕೆ?" ಎನ್ನುತ್ತಿದ್ದಳು. ಸ್ನಾನದ ಮನೆಯಿಂದ ಅದೇ ಪ್ರಶ್ನೆ. ಅವಳ ಫೋನಿನಲ್ಲಿ ಈಗ ಬರೀ ಅಂಕಿ ಬರುತ್ತಿತ್ತು, ಹಸಿರು ಗೆರೆ ಇರಲಿಲ್ಲ. ನಿನಗೆ ಹೇಗನಿಸುತ್ತದೆ ಹೇಳು ಎಂದರೆ ಹೆದರಿ ನನ್ನ ಮುಖ ನೋಡುತ್ತಿದ್ದಳು. ಸ್ಕೂಲಿನಿಂದಲೂ ಮೆಸೇಜ್ ಬರುತ್ತಿತ್ತು. ನಾನು ದೂರದಿಂದ ಸೆನ್ಸರ್ ನೋಡಿ, ಓಕೆ ಕಂದಾ ಎಂದು ಬರೆಯುತ್ತಿದ್ದೆ. ಒಂದು ದಿನ ಮೀಟಿಂಗಿನಲ್ಲಿದ್ದು ಅವಳ ಮೆಸೇಜ್ ನೋಡಲು ತಡವಾಯಿತು. ಕರೆದುಕೊಂಡು ಬರಲು ಹೋದಾಗ ಅವಳು ನರ್ಸ್ ಕೋಣೆಯಲ್ಲಿ ಗೋಡೆ ಹಿಡಿದು ನಿಂತಿದ್ದಳು. ಸಕ್ಕರೆ ಸರಿಯಾಗಿಯೇ ಇತ್ತು. ಹಾಗೆಂದು ನರ್ಸ್ ಹೇಳಿದರೂ ನಂಬದೆ, ನನ್ನ ಉತ್ತರ ಬರಲಿಲ್ಲವೆಂದು ಅಲ್ಲಿಂದ ಕದಲಿರಲಿಲ್ಲ.

ದಾರಿಯಲ್ಲಿ ಕಾರಿನಲ್ಲಿ ಕೇಳಿದಳು: "ಪಪ್ಪಾನ ಪ್ರೋಗ್ರಾಮ್ ಮತ್ತ ಹಾಕ್ತೀರಾ? ಪ್ಲೀಸ್ ಅಮ್ಮಾ. ಅದು ಇದ್ರ ನಂಗ ಗೊತ್ತಾಗ್ತದ."

ಅದೇ ನಿನ್ನ ಜೀವ ತೆಗೆಯುವುದಿತ್ತು ಎನ್ನಲು ಹೊರಟವಳು, ಕನ್ನಡಿಯಲ್ಲಿ ಅವಳ ಮುಖ ನೋಡಿ, "ಪಪ್ಪಾನ್ನ ಕೇಳೂಣು," ಎಂದೆ.

ಆ ಸಂಜೆ ಗಂಡನ ಎದುರು ನಿಂತು ನಾನೇ ಹೇಳಿದೆ: "ಚಾಲೂ ಮಾಡ್ರಿ."

ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು. "ನೀನ ಹೇಳ್ತಿಯೇನ ಇದನ್ನ?"

"ಶನಿವಾರ ಗಿನಿವಾರ ಏನೂ ಕಲೀಬಾರದು. ಮಲಗಿದ್ರೂ ಒದರಬೇಕು. ಚಾಲೂ ಮಾಡ್ರಿ."

ಕಟ್ಟುಗಳನ್ನೆಲ್ಲ ಮತ್ತೆ ಬಿಗಿ ಮಾಡಿದರು. ಒಂದೊಂದನ್ನೂ ನಾನು ಪಕ್ಕದಲ್ಲಿ ಕೂತು ಕೆದಕಿ ಕೆದಕಿ ಪರೀಕ್ಷಿಸಿದೆ. ಫೋನ್ ಕೈಗೆ ಕೊಟ್ಟಾಗ ಮಗಳು ಗೆರೆ ನೋಡಿದಳು. ಹಸಿರು. ಅವಳ ಬಿಗಿದಿದ್ದ ಹೆಗಲು ಸಡಿಲವಾಯಿತು, ಮುಖ ತಿಳಿಯಾಯಿತು. "ಐ ಆಮ್ ಓಕೆ!" ಎಂದು ನಮಗೆ ಹೇಳಿ ಹಿತ್ತಲಿಗೆ ಆಡಲು ಓಡಿದಳು. ನಾವಿಬ್ಬರೂ ಕಿಟಕಿಯ ಹತ್ತಿರ ನಿಂತು, ಗೆರೆಯನ್ನು ನಂಬದೆ, ಅವಳನ್ನೇ ನೋಡುತ್ತ ಉಳಿದೆವು.