ಕೆಮ್ಮಿಲ್ಲ ಅಂತ ಬರ್ಕೋ

ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತೇನೆ. ಮಕ್ಕಳು ಹೊಟ್ಟೆನೋವು ಅಂದರೆ ಮೊದಲು ಹೋಂವರ್ಕ್ ತೋರಿಸು ಅನ್ನುತ್ತೇನೆ. ಇಷ್ಟು ವರ್ಷ ಶಾಲೆಯಲ್ಲಿ ಪಾಠ ಹೇಳಿದವರಿಗೆ ಇದು ತಾನಾಗಿಯೇ ಅಂಟಿಕೊಳ್ಳುತ್ತದೆ. ಹಾಗಾಗಿ ಕೊರೊನಾ ಎರಡನೇ ಸಲ ಬಂದಾಗ ನಮ್ಮನ್ನು ಮನೆಮನೆ ಸರ್ವೆಗೆ ಹಾಕಿದರು, ಈ ಕೆಲಸಕ್ಕೆ ನಾನೇ ಸರಿ ಅಂದುಕೊಂಡೆ.

ನಾನಿರುವುದು ಬಂಗಾರಪೇಟೆಯಲ್ಲಿ, ಶಾಲೆ ಊರಿಗಾಂನಲ್ಲಿ. ಸರ್ವೆಗೆ ಕೊಟ್ಟದ್ದೂ ಊರಿಗಾಂ ಲೈನುಗಳನ್ನೇ, ಅಂದರೆ ನಾನು ಹುಟ್ಟಿ ಬೆಳೆದ, ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳು. ಎರಡು ಮನೆಗೆ ಒಂದೇ ಗೋಡೆ. ಪಕ್ಕದವರ ಒಗ್ಗರಣೆ, ಜಗಳ ಎರಡೂ ನಮ್ಮನೆಗೆ ಬರುತ್ತಿದ್ದವು. ಇಂಥ ಕಡೆ ಕೆಮ್ಮು ಮುಚ್ಚಿಡುವುದು ಹೇಗೆ ಸಾಧ್ಯ? ಜೊತೆಗೆ ಅದೇ ಬಡಾವಣೆಯ ಆಶಾ ಕಾರ್ಯಕರ್ತೆ ಇದ್ದಳು. ಅವಳ ಕೈಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ನನ್ನ ಕೈಯಲ್ಲಿ ದಪ್ಪ ಪುಸ್ತಕ.

ಕೆಮ್ಮು ಇದೆಯಾ ಎಂದು ಕನ್ನಡದಲ್ಲಿ ಕೇಳಿದೆ, ಇರುಮಲ್ ಎಂದು ತಮಿಳಿನಲ್ಲಿ, ದಗ್ಗು ಎಂದು ತೆಲುಗಿನಲ್ಲಿ. ಮೂರು ಭಾಷೆಯಲ್ಲೂ ಇಲ್ಲ ಎಂದೇ ಉತ್ತರ. ಒಂದು ಮನೆಯಲ್ಲಿ ಹೆಂಗಸು ಬಾಗಿಲಲ್ಲಿ ನಿಂತು ಇಲ್ಲ ಅನ್ನುತ್ತಿರುವಾಗಲೇ ಒಳಗೆ ಯಾರೋ ಕೆಮ್ಮಿದರು. ಅದು ಟಿವಿ ಎಂದಳು. ಕತ್ತು ಚಾಚಿ ನೋಡಿದೆ. ಟಿವಿಗೆ ಬಟ್ಟೆ ಹೊದಿಸಿತ್ತು.

ನನಗೆ ರೇಗಿಹೋಯಿತು. ಊರೆಲ್ಲ ಆಸ್ಪತ್ರೆ ಬೆಡ್ಡಿಗೆ ಅಲೆಯುತ್ತಿದೆ, ಇವರು ಸುಳ್ಳು ಹೇಳಿಕೊಂಡು ಕೂತಿದ್ದಾರೆ ಎಂದು ಬೀದಿಯಲ್ಲೇ ಬೈದೆ. ಆಶಾ ನನ್ನನ್ನು ಪಕ್ಕಕ್ಕೆ ಕರೆದು ಸಮಾಧಾನ ಹೇಳಿದಳು. ಮನೆಗಳೆಲ್ಲ ಇನ್ನೂ ಗಣಿ ಕಂಪನಿಯ ಹೆಸರಿನಲ್ಲೇ ಇವೆ, ಗಣಿ ಮುಚ್ಚಿದ ಮೇಲೆ ಕಾಗದ ಹಿಡಿದು ಈ ಲೈನಿಗೆ ಬಂದವರೆಲ್ಲ ಬಾಗಿಲು ಎಣಿಸಿಕೊಂಡು ಹೋಗಿದ್ದಾರೆ, ಪ್ರತಿ ಸಲವೂ ಇನ್ನು ಮನೆ ಬಿಡಿಸುತ್ತಾರೆ ಎಂಬ ಸುದ್ದಿ ಹಬ್ಬಿದೆ. ಇವರಿಗೆ ರೋಗಕ್ಕಿಂತ ಪಟ್ಟಿಯ ಭಯ ಹೆಚ್ಚು.

"ಆಂಬುಲೆನ್ಸಲ್ಲಿ ಕರ್ಕೊಂಡೋಗಿ ಬೀಗ ಹಾಕ್ಬುಟ್ಟು, ಖಾಲಿ ಮನೆ ಅಂತ ಬರ್ಕೊಂಡ್ರೆ ಆಮೇಲೆ ಯಾರ್ನ ಕೇಳಾದು ಮಿಸ್?" ಎಂದಳು.

ಸೋರುವ ಈ ತಗಡಿನ ಮನೆ ಯಾರಿಗೆ ಬೇಕು ಎಂದು ನಾನು ನಕ್ಕುಬಿಟ್ಟೆ. ಆಗ ನಗಬಾರದಿತ್ತು. ರೋಗ ಬಂದಾಗಲೂ ಈ ಊರಿಗೆ ತಿಳಿದಿರುವುದು ಪಟ್ಟಿ ಮಾಡುವುದೊಂದೇ. ಜನ ಹೆದರುವುದೂ ಅದಕ್ಕೇ. ಇದು ನನ್ನ ತಲೆಗೆ ಹೋಗಲು ಇನ್ನೂ ಎರಡು ದಿನ ಬೇಕಾಯಿತು.

ಮುಂದಿನ ಸಾಲಿನಲ್ಲಿ ನನ್ನ ತವರುಮನೆ. ಕ್ಯಾಸಂಬಳ್ಳಿಯಿಂದ ತರಕಾರಿ ಗಾಡಿ ಓಡಿಸುವ ಅಣ್ಣ ಕೆಲಸಕ್ಕೆ ಹೋಗಿದ್ದ. ಜೀವಮಾನದ ಅರ್ಧ ಗಣಿಯೊಳಗೇ ಕಳೆದ ಅಪ್ಪ ಬಾಗಿಲ ಬಳಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ನಿಯಮ ನಿಯಮವೇ ಎಂದು ನಾನು ಹೊರಗೇ ನಿಂತು, ಮಾಸ್ಕಿನೊಳಗಿಂದಲೇ ಕೆಮ್ಮು, ಜ್ವರ ಕೇಳಿದೆ. ಅಪ್ಪ ಇಲ್ಲವೆಂದು ತಲೆಯಾಡಿಸಿದ. ಉಳಿದದ್ದಕ್ಕೆಲ್ಲ ಅಮ್ಮನೇ ಉತ್ತರ ಕೊಟ್ಟಳು. ಅಪ್ಪನ ಕೆನ್ನೆ ಒಂದು ಕಡೆ ಉಬ್ಬಿತ್ತು. ಹಲ್ಲುನೋವು, ಲವಂಗ ಇಟ್ಟುಕೊಂಡಿದ್ದಾನೆ ಎಂದಳು.

"ನಮ್ಮನೇಲಿ ಯಾರ್ಗೂ ಏನೂ ಇಲ್ಲ. ಕೆಮ್ಮಿಲ್ಲ ಅಂತ ಬರ್ಕೋ."

ಆಶಾ ಅಪ್ಪನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದಳು. ತೋರಿಸಿದ ಅಂಕಿ ತೀರ ಕಡಿಮೆ. ಬೆರಳು ಉಜ್ಜಿ ಮತ್ತೆ ಹಾಕಿದಳು, ಅಷ್ಟೇ ಬಂತು. ಬೆಳಿಗ್ಗೆಯಿಂದ ಆ ಯಂತ್ರ ಗಟ್ಟಿಮುಟ್ಟಾಗಿ ಓಡಾಡುವವರಿಗೂ ಏನೇನೋ ತೋರಿಸುತ್ತಿತ್ತು. ಇದು ಕೆಟ್ಟಿದೆ, ಬದಲಾಯಿಸಿಕೋ ಎಂದು ನಾನೇ ಹೇಳಿದೆ. ಅನುಮಾನ ಯಂತ್ರದ ಮೇಲೆ ಬಂತು, ಅಪ್ಪನ ಮೇಲೆ ಬರಲಿಲ್ಲ. ಅಷ್ಟು ಹೊತ್ತೂ ಅಪ್ಪ ಒಂದು ಮಾತೂ ಆಡಲಿಲ್ಲ. ಮಗಳು ಒಳಗೆ ಬಂದು ಕಾಫಿ ಕುಡಿಯಲಿಲ್ಲ ಎಂದು ಮುನಿಸಿಕೊಂಡಿದ್ದಾನೆ ಅಂದುಕೊಂಡೆ. ಆ ದಿನ ನಾನು ಅನುಮಾನಪಡದೆ ಬರೆದದ್ದು ಅದೊಂದೇ ಮನೆಯ ವಿವರ.

ಅದಾದ ಎರಡನೇ ದಿನ ಅಣ್ಣ ಫೋನ್ ಮಾಡಿದ. ಅಪ್ಪನಿಗೆ ಉಸಿರು ಸಿಗುತ್ತಿಲ್ಲ, ತರಕಾರಿ ಗಾಡಿಯಲ್ಲೇ ಮಲಗಿಸಿಕೊಂಡು ಆಸ್ಪತ್ರೆಗೆ ಬಂದಿದ್ದೇನೆ ಎಂದ. ನಾನು ಹೋಗುವಷ್ಟರಲ್ಲಿ ಅಪ್ಪನನ್ನು ಒಳಗೆ ಸೇರಿಸಿಕೊಂಡಿದ್ದರು. ಅಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಕೆಮ್ಮು ಎಷ್ಟು ದಿನದಿಂದ ಎಂದು ಕೇಳಿದೆ. ಆರು ದಿನ ಎಂದಳು. ನಾನು ಪುಸ್ತಕ ಹಿಡಿದು ಬೀದಿ ತಿರುಗುವುದನ್ನು ನೋಡಿ ಅಪ್ಪ ಲವಂಗ ಕೇಳಿ ಇಸಿದುಕೊಂಡನಂತೆ.

ಅವಳು ಹೇಳಿ ಮುಗಿಸುವ ಮೊದಲೇ ನನಗೆ ಅರ್ಥವಾಯಿತು. ಗಣಿಯಲ್ಲಿದ್ದಾಗ ಎದೆ ಪರೀಕ್ಷೆಯ ದಿನ ಅಪ್ಪ ಮಾಡುತ್ತಿದ್ದುದೂ ಇದನ್ನೇ. ದವಡೆಗೆ ಲವಂಗ ಒತ್ತಿಕೊಂಡು, ನಾಲಿಗೆಯನ್ನು ಅಂಗುಳಿಗೆ ಅಂಟಿಸಿ, ಡಾಕ್ಟರು ಎದ್ದುಹೋಗುವವರೆಗೆ ಕೆಮ್ಮು ತಡೆಯುವುದು. ಕೆಮ್ಮಿದವನಿಗೆ ಕೆಲಸ ಹೋಗುತ್ತದೆ, ಕೆಲಸದ ಹಿಂದೆ ಮನೆಯೂ ಹೋಗುತ್ತದೆ ಎಂಬ ಭಯ ಲೈನಿನ ಗಂಡಸರಿಗೆಲ್ಲ ಇತ್ತು. ಆಮೇಲೆ ಬೀದಿ ನಲ್ಲಿಯ ಹತ್ತಿರ ಬಗ್ಗಿ ನಿಂತು ಅಷ್ಟನ್ನೂ ಕೆಮ್ಮುತ್ತಿದ್ದ. ಮಕ್ಕಳಾದ ನಮಗೆ ಅದು ತಮಾಷೆ.

ಊರವರು ಹೆದರಲಿ, ನಾನು ಮಗಳಲ್ಲವಾ, ನನ್ನ ಹತ್ತಿರ ಯಾಕೆ ಮುಚ್ಚಿಟ್ಟಿರಿ ಎಂದು ಅಮ್ಮನ ಮೇಲೆ ಹರಿಹಾಯ್ದೆ.

"ಮಗ್ಳೇ ಕಣೆ, ಯಾರ್ ಇಲ್ಲಾಂದ್ರು," ಎಂದಳು ಅಮ್ಮ. "ಆದ್ರೆ ನೀನ್ ಬರ್ಕೊಂಡಿದ್ದು ನಿನ್ ತಾವೇ ಇರ್ತದಾ?"

ಆ ಪುಸ್ತಕ ಸಂಜೆ ಒಂದು ಟೇಬಲ್ಲಿನ ಮೇಲೆ ಇಟ್ಟು ಬರುತ್ತಿದ್ದೆ, ಆಮೇಲೆ ಅದು ಎಲ್ಲಿಗೆ ಹೋಗುತ್ತಿತ್ತೋ ಇವತ್ತಿಗೂ ಗೊತ್ತಿಲ್ಲ.

ನನ್ನನ್ನು ಒಳಗೆ ಬಿಟ್ಟಾಗ ಡಾಕ್ಟರು ಅಪ್ಪನನ್ನು ಕೆಮ್ಮು ಇದೆಯಾ ಎಂದು ಅದೇ ಪ್ರಶ್ನೆ ಕೇಳುತ್ತಿದ್ದರು. ಮುಖದ ಮೇಲೆ ಆಕ್ಸಿಜನ್ ಮಾಸ್ಕ್ ಇದ್ದರೂ ಅಪ್ಪ ಕೈಯಾಡಿಸಿ ಇಲ್ಲ ಎಂದ. ಆರು ದಿನದಿಂದ ಇದೆ ಎಂದು ನಾನು ಹೇಳಿದೆ. ನರ್ಸ್ ಬರೆದುಕೊಂಡಳು. ಅಪ್ಪ ನನ್ನನ್ನೇ ನೋಡಿದ.

"ಮನೆ ಓಯ್ತು ಬುಡು," ಎಂದ.

ಅಪ್ಪ ಬದುಕಿ ಬಂದ. ಮನೆಯೂ ಹೋಗಲಿಲ್ಲ. ಬಿಡಿಸಲು ಯಾರೂ ಬರಲಿಲ್ಲ, ಹೇಗಿದ್ದೀಯಪ್ಪ ಎಂದು ಕೇಳಲೂ ಯಾರೂ ಬರಲಿಲ್ಲ. ಕೆಮ್ಮು ಮಾತ್ರ ಪೂರ್ತಿ ಹೋಗಿಲ್ಲ ಎಂದು ಅಣ್ಣ ಹೇಳುತ್ತಾನೆ. ನಾನಂತೂ ಕೇಳಿಲ್ಲ. ಭಾನುವಾರಗಳಲ್ಲಿ ಕೈಯಲ್ಲಿ ಬಾಳೆಹಣ್ಣು ಬಿಟ್ಟು ಬೇರೇನೂ ಇಲ್ಲದೆ ಹೋಗುತ್ತೇನೆ, ಊಟ ಮಾಡಿ ಮಧ್ಯಾಹ್ನವೆಲ್ಲ ಅಪ್ಪನ ಪಕ್ಕದಲ್ಲೇ ಕೂರುತ್ತೇನೆ. ಅಪ್ಪ ಒಮ್ಮೆಯೂ ಕೆಮ್ಮುವುದಿಲ್ಲ. ನನ್ನ ಸ್ಕೂಟಿಯ ಸದ್ದು ದೂರವಾದ ಮೇಲೆ ಕೆಮ್ಮುತ್ತಾನಂತೆ.