ಜೆಲಿ ಕಟ್ಟಿದ ಹೊಗೆಗೂಡು

ಜೂರಾ ಬೆಟ್ಟದ ಶಾಂಬ್ರೊಲ್‌ ಹಳ್ಳಿಯಲ್ಲಿ ವರ್ಷಕ್ಕೊಮ್ಮೆ ಊರ ಕಾಡಿನ ಸೌದೆ ಹಂಚುತ್ತಾರೆ, ಒಲೆಗೊಂದು ಪಾಲು. ಮನೆಯಲ್ಲಿ ಎಷ್ಟು ಜನ ಎಂದು ಯಾರೂ ಕೇಳುವುದಿಲ್ಲ. ಹೊಗೆ ಏಳುವ ಒಲೆ ಇದೆಯಾ ಎಂದು ನೋಡುತ್ತಾರೆ, ಅಷ್ಟೇ.

ಜೆಲಿ ಮೂರೋಗೆ ಸ್ವಂತ ಒಲೆ ಇರಲಿಲ್ಲ. ಅಪ್ಪ ಮರದ ಪಾದರಕ್ಷೆ ಕೆತ್ತುತ್ತಿದ್ದವನು. ಕೊಡಲಿ ಹಿಡಿಯಲು ಅವಳಿಗೆ ಅವನೇ ಕಲಿಸಿದ್ದು. ಅವಳು ಮದುವೆಯಾಗಲಿಲ್ಲ, ಅಣ್ಣ ಆಂಥೆಲ್ಮ್‌ನ ಮನೆಯಲ್ಲೇ ಉಳಿದಳು. ಅಣ್ಣನಿಗೆ ಉಬ್ಬಸ. ಹಾಗಾಗಿ ಪ್ರತಿ ವರ್ಷವೂ ಅವನ ಪಾಲಿನ ಮರ ಕಡಿಯುವವಳು ಜೆಲಿ, ಆ ಬೆಂಕಿಯ ಮುಂದೆ ಕೂರುವವಳು ಅತ್ತಿಗೆ ಇರ್ಮಾ. ಮನೆ ಇಕ್ಕಟ್ಟಾಯಿತೆಂದು ಅತ್ತಿಗೆ ಅವಳನ್ನು ಹಿಂದಿನ ಕೋಣೆಗೆ ಕಳಿಸಿದಳು. ಮೊದಲು ಆಡು ಕಟ್ಟುತ್ತಿದ್ದ ಕೋಣೆ ಅದು. ಚಳಿಗಾಲದಲ್ಲಿ ಕಂಬಳಿಯ ಮೇಲೆ ಮಂಜು ಕಟ್ಟುತ್ತಿತ್ತು. ಒಂದು ಬೆಳಿಗ್ಗೆ ಬೆರಳು ಸೆಟೆದುಕೊಂಡು ಕೊಡಲಿ ಹಿಡಿಯಲಾಗಲಿಲ್ಲ. ಅವತ್ತೇ ಜೆಲಿ ತನಗೂ ಒಂದು ಪಾಲು ಕೇಳಲು ಮೇಯರ್ ಸಿಪ್ರಿಯೆನ್ ಬಳಿ ಹೋದಳು. ಅವನು ಹಸು ಕರೆಯುತ್ತಿದ್ದ.

"ಪಾಲು ಕೊಡೋಕೆ ನಂಗೇನು ಕಷ್ಟ? ನಿನ್ನ ಒಲೆ ಎಲ್ಲಿದೆ ತೋರ್ಸು."

"ಕಟ್ತೀನಿ."

ಮೇಯರ್ ಒಂದು ಗಡುವು ಹೇಳಿದ. ಮುಂದಿನ ಚಳಿಗಾಲಕ್ಕೆ ಮುಂಚೆ, ಯಾರಿಗೆ ಯಾವ ಮರಗಳ ಪಾಲು ಎಂದು ಚೀಟಿ ಎತ್ತುವ ಭಾನುವಾರ ಅವಳ ಹೊಗೆಗೂಡಿನಿಂದ ಹೊಗೆ ಬಂದರೆ, ಅವಳ ಹೆಸರೂ ಕೂಗುತ್ತಾನೆ.

ಕಾಡಿನಲ್ಲಿ ಇದ್ದಿಲು ಸುಡುವವರು ಬಿಟ್ಟುಹೋದ ಗುಡಿಸಲೊಂದು ಬಿದ್ದಿತ್ತು. ಅಲ್ಲಿಂದ ಬುಟ್ಟಿಯಲ್ಲಿ ಕಲ್ಲು ಹೊತ್ತಳು. ಹಳ್ಳದ ಜೇಡಿಮಣ್ಣಿಗೆ ಹುಲ್ಲು ಸೇರಿಸಿ ತುಳಿದು, ತನ್ನ ಕೋಣೆಯಲ್ಲೇ ಒಲೆಯನ್ನೂ ಹೊಗೆಗೂಡನ್ನೂ ಕಟ್ಟತೊಡಗಿದಳು. ಇವಳಿಗೆ ಗಂಡು ಸಿಗಲಿಲ್ಲ, ಅದಕ್ಕೇ ಹೊಗೆಗೂಡನ್ನು ಮದುವೆಯಾಗುತ್ತಾಳೆ ಎಂದು ಹೆಂಡದಂಗಡಿಯಲ್ಲಿ ಗಂಡಸರು ನಕ್ಕರು. ಜೆಲಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಸಲ ಹೊತ್ತಿಸಿದಾಗ ಹೊಗೆಯೆಲ್ಲ ಕೋಣೆಗೇ ತಿರುಗಿತು. ಕಣ್ಣಲ್ಲಿ ನೀರು ಸುರಿಸುತ್ತ ಹೊರಗೆ ಓಡಿದಳು. ಇರ್ಮಾ ಕಿಟಕಿಯಿಂದ ನೋಡುತ್ತಿದ್ದಳು.

"ಅಲ್ಲಿದ್ದ ಆಡುಗಳು ಯಾವತ್ತೂ ಒಲೆ ಕೇಳ್ಲಿಲ್ಲ ಕಣೆ."

ಜೆಲಿ ಅಂಗಳದಲ್ಲಿ ಕೂತು ಮಾಡನ್ನೇ ನೋಡಿದಳು. ಅಣ್ಣನಿರುವ ದೊಡ್ಡ ಮನೆಯ ಮಾಡು ಎತ್ತರ, ಅವಳ ಕೋಣೆಯದು ತಗ್ಗು. ಪಡುವಣ ಗಾಳಿ ಆ ಎತ್ತರ ದಾಟಿ ನೇರ ಅವಳ ಗೂಡಿನೊಳಗೆ ಬೀಳುತ್ತಿತ್ತು. ಗೂಡು ದೊಡ್ಡ ಮನೆಯನ್ನೂ ಮೀರಿ ನಿಲ್ಲಬೇಕು. ಅದಕ್ಕೆ ಅಣ್ಣನ ಗೋಡೆಗೆ ಒರಗಿಸಬೇಕು, ಅವನ ಮಾಡಿನ ಮೇಲೆ ಹತ್ತಬೇಕು.

ಅವಳು ಕೇಳಿದಾಗ ಅತ್ತಿಗೆ ಅಡ್ಡ ಬಂದಳು. ಇವಳಿಗೆ ಬೇರೆ ಒಲೆಯಾದರೆ ನಮ್ಮ ಮರ ಕಡಿಯುವವರು ಯಾರು ಎಂದಳು. ಆಂಥೆಲ್ಮ್ ಎದ್ದು ಏಣಿ ತಂದ.

"ನೀನು ಹತ್ತು. ನಾನು ಹಿಡ್ಕೋತೀನಿ."

ಉಬ್ಬಸ ಎಳೆಯುತ್ತಲೇ ಅವನು ಏಣಿ ಹಿಡಿದು ನಿಂತ. ಕಲ್ಲನ್ನೂ ಅವನೇ ಹಗ್ಗಕ್ಕೆ ಕಟ್ಟಿ ಕೊಟ್ಟ.

ಚೀಟಿ ಎತ್ತುವ ಭಾನುವಾರ ಜೋರು ಗಾಳಿ. ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಹೊರಬಂದ ಜನರೆಲ್ಲ ಆ ಕಡೆಗೇ ತಿರುಗಿದರು. ಮೂರೋ ಕುಟುಂಬದ ಮನೆಯ ನೆತ್ತಿಯ ಮೇಲೆ ಎರಡು ಹೊಗೆ. ಹೊಸದು ದಟ್ಟವಾಗಿತ್ತು. ತೋರಿಕೆಗೆ ಯಾರು ಬೇಕಾದರೂ ಹೊಗೆ ಹಾಕಬಹುದು ಎಂದು ಕಾಡಿನ ಕಾವಲುಗಾರ ಮೂಗು ಮುರಿದ. ಸರಿ, ನೋಡೇಬಿಡೋಣ ಎಂದು ಮೇಯರ್ ಅವಳ ಕೋಣೆಯೊಳಗೆ ಬಂದ, ಅವನ ಹಿಂದೆ ಅರ್ಧ ಊರು. ಒಲೆಯ ಮೇಲೆ ಎಲೆಕೋಸು, ಹಂದಿಮಾಂಸದ ಸಾರು ಕುದಿಯುತ್ತಿತ್ತು. ಮೇಯರ್ ಒಂದು ಚಮಚ ಕುಡಿದ.

"ಉಪ್ಪು ಕಮ್ಮಿ."

"ನಾನು ಕೇಳಿದ್ದು ಸೌದೆ, ಮೇಯರ್ರೇ. ಉಪ್ಪಲ್ಲ."

ಕಾವಲುಗಾರನೂ ನಕ್ಕುಬಿಟ್ಟ.

ಚೌಕದಲ್ಲಿ ಮೇಯರ್ ತನ್ನ ಟೋಪಿಗೆ ಇನ್ನೊಂದು ಚೀಟಿ ಹಾಕಿ ಕುಲುಕಿದ. ಒಬ್ಬೊಬ್ಬರನ್ನೇ ಕರೆದ. ಕೊನೆಗೆ ಗಂಟಲು ಸರಿಮಾಡಿಕೊಂಡು, "ಜೆಲಿ ಮೂರೋ, ಒಂದು ಒಲೆ" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದ. ಜೆಲಿ ತಲೆ ಎತ್ತಿ ನಡೆದು ಟೋಪಿಗೆ ಕೈ ಹಾಕಿದಳು. ಅವಳ ಚೀಟಿಗೆ ಬಂದದ್ದು ಹಳ್ಳದ ಮೇಲಿನ ಬೀಚ್ ಎಂಬ ಗಟ್ಟಿ ಸೌದೆಯ ಮರಗಳು, ಕಂಬದ ಹಾಗೆ ನೆಟ್ಟಗಿನವು. ಹೆಂಡದಂಗಡಿಯಲ್ಲಿ ನಕ್ಕಿದ್ದವರೇ ಹೊಟ್ಟೆ ಉರಿದುಕೊಂಡರು.

ಆ ಚಳಿಗಾಲ ಕಾಡಿನಲ್ಲಿ ಮೊದಲು ಉರುಳಿದ ಮರ ಅವಳದು. ಅಣ್ಣನ ಪಾಲನ್ನೂ ಅವಳೇ ಕಡಿದುಕೊಟ್ಟಳು, ತನ್ನದು ಪೂರ್ತಿ ಮುಗಿಸಿದ ಮೇಲೆ.