ಈಶಪ್ಪ ರಿಪೇರಿ ಮಾಡದ ಬಂದೂಕು

ನಮ್ಮ ದೊಡ್ಡಪ್ಪ ಈಶಪ್ಪನದು ಗಂಗಾವತಿಯಲ್ಲಿ ಬಂದೂಕು ರಿಪೇರಿ ಅಂಗಡಿ. ಹೊಲಕ್ಕೆ ಹಂದಿ ನುಗ್ಗುವ ಊರುಗಳ ರೈತರು ಲೈಸೆನ್ಸ್ ಬಂದೂಕು ಹೊತ್ತು ಅಲ್ಲಿಗೇ ಬರುತ್ತಿದ್ದರು. ಬಂದವನ ತೋಳಿನ ಉದ್ದ ನೋಡಿಯೇ ದೊಡ್ಡಪ್ಪ ಹಿಡಿಕೆಯ ಕಟ್ಟಿಗೆ ಕೆತ್ತುತ್ತಿದ್ದ. ಗುಂಡು ಹಾರಿಸಿ ಪರೀಕ್ಷೆ ಮಾಡಿ ಮಾಡಿ ಅವನ ಬಲಗಿವಿ ಮಂದವಾಗಿತ್ತು. ಗುಟ್ಟು ಹೇಳಬೇಕಾದರೆ ದೊಡ್ಡವ್ವ ಮುದುಕಮ್ಮ ಎಡಕ್ಕೆ ಬಂದು ಕೂರುತ್ತಿದ್ದಳು. "ಈಶಪ್ಪ ಮುಟ್ಟಿದ ಬಂದೂಕು ಮೋಸ ಮಾಡಂಗಿಲ್ಲ" ಎಂದು ಯಾರಾದರೂ ಅಂದರೆ ಅವನಿಗೆ ಊಟವಾದಷ್ಟು ಖುಷಿ.

ಒಂದು ಮಧ್ಯಾಹ್ನ ಸಿದ್ದಾಪುರದ ಪಂಪಾಪತಿ ಬಂದ. ಕಾಲುವೆ ನೀರಿನ ಪಾಳಿಗಾಗಿ ತಮ್ಮ ಹುಲಿಗೇಶನೊಡನೆ ಅವನು ಹೊಡೆದಾಡಿದ್ದು ಪೇಟೆಗೆಲ್ಲ ಗೊತ್ತಿತ್ತು.

"ಕಾಕಾ, ಬಂದೂಕಿನ ಕುದುರಿ ಎಳಿಯಾಕ ಬರವಲ್ದು, ಗುಂಡು ಹಾರವಲ್ದು. ಈಗಿಂದೀಗ ಸರಿ ಮಾಡಿ ಕೊಡ್ರಿ."

"ಹಂದಿ ಬಂದಾವೇನು?"

ಪಂಪಾಪತಿ ಬಂದೂಕನ್ನು ಮುಂದಕ್ಕೆ ತಳ್ಳಿದ. ಭತ್ತದ ನಾಟಿಯೇ ಆಗಿರಲಿಲ್ಲ. ಹಂದಿಗೆ ಗದ್ದೆಯಲ್ಲಿ ಏನಿದ್ದೀತು? ದೊಡ್ಡಪ್ಪ ಬಂದೂಕು ಬಿಚ್ಚಿದ. ಒಂದು ಹನಿ ಎಣ್ಣೆ ಬಿಟ್ಟರೆ ಸಾಕಿತ್ತು.

"ಸ್ಪ್ರಿಂಗ್ ಹೋಗೇತಪ್ಪ. ಹೈದರಾಬಾದಿನಿಂದ ತರಿಸಬೇಕು. ಇಲ್ಲೇ ಬಿಟ್ಟು ಹೋಗು," ಎಂದ.

ಆಮೇಲೆ ಕೇಳಲು ಬಂದಾಗಲೆಲ್ಲ ಬಿಚ್ಚಿಟ್ಟ ಭಾಗಗಳನ್ನು ತೋರಿಸಿ ಅದೇ ಉತ್ತರ. ರೇಗಿದ ಪಂಪಾಪತಿ, ಈಶಪ್ಪನ ಕೈಯಲ್ಲಿ ಇನ್ನು ಕೆಲಸ ಉಳಿದಿಲ್ಲ, ಬಂದೂಕು ಕೆಡಿಸಿಟ್ಟಿದ್ದಾನೆ ಎಂದು ಪೇಟೆಯಲ್ಲಿ ಹೇಳಿಕೊಂಡು ತಿರುಗಿದ. ಗಿರಾಕಿಗಳು ಒಬ್ಬೊಬ್ಬರೇ ಬೇರೆ ಕಡೆ ಹೋದರು. ದೊಡ್ಡಪ್ಪ ಬೆಳೆಗೆ ಔಷಧಿ ಹೊಡೆಯುವ ಪಂಪುಗಳ ರಿಪೇರಿ ಹಿಡಿದ. ದೊಡ್ಡವ್ವನನ್ನು ಬಿಟ್ಟು ಯಾರಿಗೂ ಏನೂ ಹೇಳಲಿಲ್ಲ.

ಮರುವರ್ಷ ಅಣ್ಣತಮ್ಮಂದಿರ ತಾಯಿ ಆಸ್ಪತ್ರೆ ಸೇರಿದಳು. ಅವಳ ಆರೈಕೆ ಮಾಡುತ್ತ ಇಬ್ಬರೂ ಮತ್ತೆ ಮಾತಾಡತೊಡಗಿದರು. ಒಂದು ದಿನ ಪಂಪಾಪತಿ ಒಬ್ಬನೇ ಬಂದು ದೊಡ್ಡಪ್ಪನ ಕಾಲು ಹಿಡಿದ.

"ಸ್ಪ್ರಿಂಗ್ ಹೋಗಿದ್ದಿಲ್ಲ, ಹೌದಲ್ರಿ ಕಾಕಾ? ಖರೇದ್ದು ಪೇಟಿ ಮಂದಿಗೆಲ್ಲ ಹೇಳಿಬಿಡ್ತೀನಿ."

"ಹೇಳಬ್ಯಾಡ. ಅಣ್ಣ ನನ್ನ ಕೊಲ್ಲಾಕ ಹೊಂಟಿದ್ದ ಅಂತ ಹುಲಿಗೇಶಗ ಗೊತ್ತಾಗತೈತಿ. ಜೀವ ಇರೋತನಕ ಅವ ಹೆಂಗ ಮರೀತಾನ?"

ಪಂಪಾಪತಿ ಅಂಗಡಿಯಲ್ಲಿದ್ದ ಬಂದೂಕನ್ನು ಒಯ್ದು ಠಾಣೆಗೆ ಒಪ್ಪಿಸಿದ.

ದೊಡ್ಡಪ್ಪ ತೀರಿಕೊಂಡ, ಹೋದ ವರ್ಷ ಹುಲಿಗೇಶನೂ ಹೋದ. ಆಮೇಲೆಯೇ ದೊಡ್ಡವ್ವ ನನಗೆ ಇದನ್ನು ಹೇಳಿದ್ದು. ಹುಲಿಗೇಶ ಪಂಪು ತಂದಾಗಲೆಲ್ಲ, "ಕಾಕಾ, ಅಣ್ಣನ ಬಂದೂಕಿನಂಗ ವರ್ಷಗಟ್ಲೆ ಇಟಗೋಬ್ಯಾಡ್ರಿ ಮತ್ತ!" ಎಂದು ಚೇಷ್ಟೆ ಮಾಡುತ್ತಿದ್ದನಂತೆ. ದೊಡ್ಡವ್ವ ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ನಗುತ್ತ, "ನಮ್ಮ ಹುಲಿಗೇಶಗ ಒಂದು ಚಾ ಮಾಡು," ಎನ್ನುತ್ತಿದ್ದನಂತೆ.